ಮೂವತ್ತಾರು ತೂತಿನ ಪೆಟ್ಟಿಗೆ

ಮೊಟ್ಟೆಯೊಡೆದು ಬಂದ ಕೋಳಿಮರಿಗೆ ಮೂರು ದಿನ ಕಾಳೂ ಬೇಡ, ನೀರೂ ಬೇಡ. ಹುಟ್ಟುವ ಮುಂಚೆಯೇ ಮೊಟ್ಟೆಯ ಹಳದಿಯನ್ನೆಲ್ಲ ಹೊಟ್ಟೆಗೆ ಎಳೆದುಕೊಂಡು, ಬುತ್ತಿ ಕಟ್ಟಿಕೊಂಡೇ ಅದು ಲೋಕಕ್ಕೆ ಬರುತ್ತದೆ. ಇಷ್ಟು ಬುದ್ಧಿ ಮನುಷ್ಯರ ಮಕ್ಕಳಿಗಿದ್ದಿದ್ದರೆ ತಾಯಂದಿರು ಇನ್ನೂ ಸ್ವಲ್ಪ ನಿದ್ದೆ ಕಾಣುತ್ತಿದ್ದರು. ಈ ಮೂರು ದಿನದ ಬುತ್ತಿಯನ್ನು ನಂಬಿಕೊಂಡೇ ಮರಿಗಳನ್ನು ಅಂಚೆಯಲ್ಲಿ ಕಳಿಸುವ ವ್ಯಾಪಾರ ನಡೆಯುವುದು. ರಟ್ಟಿನ ಪೆಟ್ಟಿಗೆಯಲ್ಲಿ ನೂರು ಮರಿ, ಮೇಲೊಂದು ವಿಳಾಸ, ‘ಒಳಗೆ ಜೀವವಿದೆ, ಬೇಗ ತಲುಪಿಸಿ’ ಎಂಬ ಕೆಂಪು ಚೀಟಿ. ಒಂದು ವ್ಯಾನು, ಒಂದು ರೈಲು, ಮತ್ತೊಂದು ವ್ಯಾನು, ಕೊನೆಗೆ ಯಾವುದೋ ಊರಿನ ಅಂಚೆಯವನ ಸೈಕಲ್ಲು. ಮೂರು ದಿನದೊಳಗೆ ಮುಟ್ಟಿದರೆ ಮರಿ, ಮುಟ್ಟದಿದ್ದರೆ ಕಸ.

ಆ ಪೆಟ್ಟಿಗೆಗಳನ್ನು ಮುಚ್ಚಿ ದಾರ ಕಟ್ಟುವವಳನ್ನು ಮರಿ ಕಾರ್ಖಾನೆಯಲ್ಲಿ ಎಲ್ಲರೂ ಹವಾಮಾನದಕ್ಕ ಎಂದು ಕರೆಯುತ್ತಿದ್ದರು. ವಯಸ್ಸು ಐವತ್ತನಾಲ್ಕು. ಅದೇ ಮೇಜಿನ ಮುಂದೆ ಇಪ್ಪತ್ತಮೂರು ವರ್ಷ, ಅದಕ್ಕೂ ಮೊದಲು ಅದೇ ಕಟ್ಟಡದ ತೊಳೆಯುವ ಕೋಣೆಯಲ್ಲಿ ಎಂಟು ವರ್ಷ. ಒಟ್ಟು ಮೂವತ್ತೊಂದು. ಬಲಗೈ ಹೆಬ್ಬೆರಳು ಮೇಲಿನ ಗೆಣ್ಣಿನಲ್ಲಿ ಹಿಂದಕ್ಕೆ ಬಾಗಿಬಿಟ್ಟಿತ್ತು. ಯಾರಿಗಾದರೂ ಹೆಬ್ಬೆರಳು ತೋರಿಸಿ ‘ಏನೂ ಇಲ್ಲ’ ಅನ್ನಬೇಕಾದರೂ ಅದು ಬೇರೆ ಯಾವುದೋ ದಿಕ್ಕು ತೋರಿಸುತ್ತಿತ್ತು.

ಬೆರಳು ಬಾಗಿದ್ದು ತೂತು ಒತ್ತಿ ಒತ್ತಿ. ಪೆಟ್ಟಿಗೆಯ ನಾಲ್ಕು ಬದಿಗೂ ಸೇರಿ ಮೂವತ್ತಾರು ದುಂಡನೆಯ ಗುರುತುಗಳಿರುತ್ತವೆ. ರಟ್ಟನ್ನು ಮುಕ್ಕಾಲು ಕತ್ತರಿಸಿ ಬಿಟ್ಟಿರುತ್ತಾರೆ. ಒತ್ತಿದರೆ ಬಿಲ್ಲೆ ಉದುರಿ ತೂತಾಗುತ್ತದೆ. ಮೂವತ್ತಾರನ್ನೂ ಒತ್ತಬೇಕೋ, ಎಂಟೇ ಸಾಕೋ, ಅದೇ ಇಲ್ಲಿರುವ ವಿದ್ಯೆ. ಮರಿಗೆ ಬಿಸಿಯೂ ಬೇಕು, ಉಸಿರೂ ಬೇಕು. ತೂತು ಹೆಚ್ಚಾದರೆ ಬಿಸಿ ಸೋರಿಹೋಗುತ್ತದೆ, ಕಮ್ಮಿಯಾದರೆ ನೂರು ಮರಿಗಳ ಮೈಬಿಸಿಯೇ ನೂರನ್ನೂ ಬೇಯಿಸುತ್ತದೆ. ಹಾಗಾಗಿ ಮರಿ ಹೋಗುವ ಊರಿನಲ್ಲಿ ನಾಳೆ, ನಾಳಿದ್ದು ಚಳಿಯೋ ಸೆಖೆಯೋ, ದಾರಿಯ ಜಂಕ್ಷನ್ನಿನಲ್ಲಿ ಪೆಟ್ಟಿಗೆ ಕಾಯುವ ಹೊತ್ತು ಬಿಸಿಲೋ ಗಾಳಿಯೋ, ಇದೆಲ್ಲ ಇಲ್ಲಿ ಕೂತವಳಿಗೆ ಗೊತ್ತಿರಬೇಕು. ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಐದೂವರೆಯ ರೇಡಿಯೋದಲ್ಲಿ ಹವಾಮಾನ ಕೇಳದೆ ಅವಳು ಮುಖ ತೊಳೆದದ್ದಿಲ್ಲ. ಅರವತ್ತೆರಡು ಊರುಗಳ ಸೆಖೆ, ಚಳಿ, ಗಾಳಿ ಅವಳ ಬಾಯಲ್ಲಿತ್ತು. ಅದರಲ್ಲಿ ಒಂದೂರನ್ನೂ ಅವಳು ಕಣ್ಣಲ್ಲಿ ಕಂಡಿರಲಿಲ್ಲ.

ಈ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ಮಾಲೀಕ, ಅಂದರೆ ಈಗಿನವನ ಅಪ್ಪ, ಎಲ್ಲಾ ಪೆಟ್ಟಿಗೆಗೂ ಹದಿನೆಂಟು ತೂತು ಎಂದು ನಿಯಮ ಮಾಡಿದ್ದ. ನೂರರಲ್ಲಿ ಹತ್ತು ಸತ್ತರೆ ‘ಅದು ದೇವರ ಪಾಲು’ ಅನ್ನುತ್ತಿದ್ದ. ತೊಳೆಯುವ ಕೋಣೆಯಿಂದ ಒಂದು ವಾರದ ಮಟ್ಟಿಗೆ ಬದಲಿಗೆಂದು ಬಂದ ಇವಳು, ಬೆಟ್ಟದೂರಿಗೂ ಬಯಲೂರಿಗೂ ಒಂದೇ ಅಂಗಿ ಹೊಲಿಯುವುದು ಎಂಥ ಜಾಣತನ ಎಂದುಕೊಂಡು ತನಗೆ ತೋಚಿದಂತೆ ಒತ್ತಿದಳು. ಆ ವಾರ ದೇವರಿಗೆ ಪಾಲೇ ಸಿಗಲಿಲ್ಲ. ಮುದುಕ ಮತ್ತೆ ಅವಳನ್ನು ತೊಳೆಯುವ ಕೋಣೆಗೆ ಕಳಿಸಲಿಲ್ಲ.

ಅದೊಂದೇ ಅವಳು ಬದುಕಿನಲ್ಲಿ ಗೆದ್ದದ್ದು ಎಂದರೂ ಸಲ್ಲುತ್ತದೆ. ತೊಳೆಯುವ ಕೋಣೆಯನ್ನು ನೋಡದವರಿಗೆ ಇದರ ಬೆಲೆ ತಿಳಿಯುವುದಿಲ್ಲ. ಮೊಟ್ಟೆ ಕಾವಿಗಿಡುವ ತಟ್ಟೆಗಳನ್ನು ಅಲ್ಲಿ ಔಷಧಿ ಬೆರೆಸಿದ ನೀರಿನಲ್ಲಿ ಉಜ್ಜಬೇಕು. ಕಣಕಾಲಿನವರೆಗೆ ನೀರು, ಕಣ್ಣು ಮೂಗು ಸುಡುವ ಹೊಗೆ, ಕಿಟಕಿ ಒಂದೇ. ಅಲ್ಲಿ ಹತ್ತು ವರ್ಷ ದಾಟಿದವರು ಕೆಮ್ಮುವುದನ್ನು ಕೇಳಿಯೇ ಇಂಥವರು ಬರುತ್ತಿದ್ದಾರೆಂದು ಹೇಳಬಹುದಿತ್ತು. ಅವಳ ಜೊತೆಗಾತಿಯೊಬ್ಬಳು ಈಗ ಮೆಟ್ಟಿಲು ಹತ್ತಲಾರದೆ ಮನೆಯ ಕೆಳಗಿನ ಅಂಗಡಿಯ ಕಟ್ಟೆಯ ಮೇಲೇ ಅರ್ಧ ದಿನ ಕಳೆಯುತ್ತಿದ್ದಳು. ಹವಾಮಾನದಕ್ಕನ ಎದೆಯೂ ಚಳಿಗಾಲದಲ್ಲಿ ಗೊರಗೊರ ಎನ್ನುತ್ತಿತ್ತು. ಇನ್ನೊಮ್ಮೆ ಅಲ್ಲಿಗೆ ಹೋದರೆ ತಾನು ಹೊರಗೆ ಬರುವುದಿಲ್ಲ ಎಂದು ಅವಳಿಗೆ ಲೆಕ್ಕ ಹಾಕದೆಯೇ ಗೊತ್ತಿತ್ತು.

ಮನೆ ಎಂದರೆ ತಮ್ಮನ ಮನೆ. ಮೂರನೇ ಮಹಡಿಯ ಎರಡು ಕೋಣೆ. ಒಳಗಿನದರಲ್ಲಿ ತಮ್ಮ, ಅವನ ಹೆಂಡತಿ; ಹೊರಗಿನದರಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಇವಳು. ತಮ್ಮನ ಹೆಂಡತಿ ಒರಟು ಬಾಯಿಯ ಒಳ್ಳೆಯ ಹೆಂಗಸು. ‘ನಮ್ಮತ್ತಿಗೆಗೆ ಸಮುದ್ರದಾಚೆ ಮಳೆ ಬಂದ್ರೂ ಗೊತ್ತಾಗುತ್ತೆ, ನಮ್ಮ ತಾರಸಿ ಮೇಲೆ ಬಟ್ಟೆ ನೆನೀತಿರೋದು ಮಾತ್ರ ಗೊತ್ತಾಗಲ್ಲ’ ಎಂದು ನೆಂಟರೆದುರು ಆಡಿಕೊಳ್ಳುತ್ತಿದ್ದಳು. ನಿಜವೂ ಹೌದು. ತನ್ನೂರಿನ ಹವಾಮಾನ ಅವಳಿಗೆ ಬೇಕಾಗಿರಲಿಲ್ಲ, ಯಾಕೆಂದರೆ ತನ್ನೂರಿಗೆ ಯಾರೂ ಮರಿ ತರಿಸುತ್ತಿರಲಿಲ್ಲ.

ಪೆಟ್ಟಿಗೆಗಳನ್ನು ಕಾರ್ಖಾನೆಯಿಂದ ರೈಲಿಗೆ ಮುಟ್ಟಿಸುತ್ತಿದ್ದವನು ವ್ಯಾನಿನವನು. ಅಂಚೆ ಕಚೇರಿಯ ಗುತ್ತಿಗೆ ಅವನದು, ವ್ಯಾನು ಸ್ವಂತದ್ದು. ದಿನಾ ಬೆಳಿಗ್ಗೆ ಹತ್ತಕ್ಕೆ ಬರುವುದು, ಒಂದೊಂದು ಪೆಟ್ಟಿಗೆಯನ್ನೂ ಎದೆಗವಚಿ ಎತ್ತಿ ಇಡುವುದು. ಹನ್ನೆರಡು ವರ್ಷದಲ್ಲಿ ಅವನು ಒಂದು ಪೆಟ್ಟಿಗೆಯನ್ನೂ ಓರೆಯಾಗಿ ಹಿಡಿದದ್ದನ್ನು ಅವಳು ನೋಡಿರಲಿಲ್ಲ. ಎತ್ತುವ ಮುಂಚೆ ಮುಚ್ಚಳ ತಟ್ಟಿ, ‘ಎಲ್ರೂ ಹತ್ತಿದ್ರಾ? ಟಿಕೆಟ್ ಇದೆಯಾ?’ ಎಂದು ಒಳಗಿನ ಕಿಚಿಪಿಚಿಯನ್ನು ಕೇಳಿ ನಗುತ್ತಿದ್ದ. ಹನ್ನೆರಡು ವರ್ಷವೂ ಅದೇ ತಮಾಷೆ. ಅವಳೂ ಹನ್ನೆರಡು ವರ್ಷ ಅದೇ ಅರ್ಧ ನಗು ನಕ್ಕು ರಶೀದಿಗೆ ಸಹಿ ಹಾಕಿಸಿಕೊಂಡಿದ್ದಳು. ಸ್ನೇಹ ಎನ್ನುವುದು ಕೆಲವರಲ್ಲಿ ಇದಕ್ಕಿಂತ ಮುಂದೆ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ.

ಆ ಸಲ ಹಂಗಾಮು ಜೋರಾಗಿತ್ತು. ದಿನಕ್ಕೆ ನೂರನಲವತ್ತು ಪೆಟ್ಟಿಗೆ, ಹನ್ನೊಂದು ದಿನ ರಜೆಯಿಲ್ಲ. ಹನ್ನೊಂದನೆಯ ಬೆಳಿಗ್ಗೆ ಅವಳಿಗೆ ಜ್ವರ. ಊರಿನಲ್ಲೂ ಮಂಜು, ಚಳಿ. ಐದೂವರೆಗೆ ರೇಡಿಯೋ ಕೇಳಿದಳು. ಬಯಲು ಸೀಮೆಯ ಊರುಗಳಲ್ಲಿ ಅಕಾಲದ ಸೆಖೆ, ಇನ್ನೂ ನಾಲ್ಕು ದಿನ ಹಾಗೇ ಇರುತ್ತದೆ ಎಂದರು. ಕೇಳಿದ್ದು ತಲೆಯಲ್ಲಿತ್ತು. ‘ಇವತ್ತೊಂದಿನ ಮಲಕ್ಕೋ’ ಅಂದ ತಮ್ಮ. ‘ಮರಿ ನನ್ನ ಕೇಳಿ ಹುಟ್ಟುತ್ತಾ?’ ಎಂದು ಅವಳು ಶಾಲು ಸುತ್ತಿಕೊಂಡು ಹೊರಟಳು.

ಮೇಜಿನ ಮುಂದೆ ಕೂತಾಗ ಹಲ್ಲು ಕಟಕಟ ಎನ್ನುತ್ತಿತ್ತು. ಅವತ್ತಿನ ಪೆಟ್ಟಿಗೆಗಳೆಲ್ಲ ಹೆಚ್ಚೂಕಮ್ಮಿ ಬೆಟ್ಟದೂರುಗಳಿಗೆ, ಎಂಟೆಂಟು ತೂತು. ನಡುವೆ ನಾಲ್ಕು ಪೆಟ್ಟಿಗೆ ಮಾತ್ರ ಬಯಲೂರಿಗೆ. ಹೊಸದಾಗಿ ಕೋಳಿ ಸಾಕಲು ಹೊರಟ ಒಬ್ಬ ಹೆಂಗಸು ನಾನೂರು ಮರಿ ತರಿಸಿದ್ದಳು. ವಿಳಾಸದ ಚೀಟಿ ಅಂಟಿಸಿದ್ದು ಇವಳೇ, ಓದಿದ್ದೂ ಇವಳೇ. ಆದರೆ ಬೆರಳು ಎಂಟಕ್ಕೆ ನಿಂತಿತು. ಎಂಟು, ಎಂಟು, ಎಂಟು, ಎಂಟು. ಇಪ್ಪತ್ತಮೂರು ವರ್ಷ ಯಾರ್ಯಾರದೋ ಊರಿನ ಚಳಿಗೆ, ಯಾರ್ಯಾರದೋ ಊರಿನ ಸೆಖೆಗೆ ತೂತು ಒತ್ತಿದವಳು ಅವತ್ತೊಂದು ದಿನ ತನ್ನ ಚಳಿಗೆ ಒತ್ತಿಬಿಟ್ಟಳು. ತನಗೆ ಚಳಿಯಾಗುತ್ತಿದೆ, ಪಾಪ ಮರಿಗಳಿಗೂ ಆಗುತ್ತದೆ, ಇಷ್ಟೇ ಅವಳ ಮೈಗೆ ಹೊಳೆದದ್ದು. ಮನಸ್ಸು ಅಲ್ಲಿರಲೇ ಇಲ್ಲ.

ವ್ಯಾನಿನವನು ಬಂದ, ಮುಚ್ಚಳ ತಟ್ಟಿದ, ಟಿಕೆಟ್ ಕೇಳಿದ, ಹೊತ್ತೊಯ್ದ.

ಒಂಬತ್ತು ದಿನದ ಮೇಲೆ ಮಾಲೀಕ ಅವಳನ್ನು ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ಎರಡು ಖಾಲಿ ಪೆಟ್ಟಿಗೆ. ಸತ್ತ ಮರಿಗಳ ದೂರು ಕೊಡುವವರು ಪೆಟ್ಟಿಗೆಯನ್ನು ಅಂಚೆಗೆ ಒಪ್ಪಿಸಬೇಕು, ಅಂಚೆಯವರು ಅದನ್ನು ಕಳಿಸಿದವರಿಗೆ ಹಿಂತಿರುಗಿಸಿ ಉತ್ತರ ಕೇಳುತ್ತಾರೆ, ಅದು ಪದ್ಧತಿ. ಪೆಟ್ಟಿಗೆಯ ಜೊತೆ ಒಂದು ಕಾಗದವಿತ್ತು. ಮಾಲೀಕ ಗಟ್ಟಿಯಾಗಿ ಓದಿದ. ‘ಮುಚ್ಚಳ ತೆಗೆದಾಗ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ನಾಲ್ಕೂ ಪೆಟ್ಟಿಗೆಯಲ್ಲಿ ಒಂದೂ ಉಳಿದಿರಲಿಲ್ಲ. ಗೂಡಿಗೆ ಹೊಸ ಮರಳು ಹಾಕಿ, ದೀಪ ಹಚ್ಚಿ ಕಾದಿದ್ದೆವು. ಹೂಳುವುದಕ್ಕೆ ಅರ್ಧ ದಿನ ಹಿಡಿಯಿತು. ತಪ್ಪು ಯಾರದ್ದೆಂದು ನನಗೆ ತಿಳಿಸಿ, ಅಷ್ಟು ಸಾಕು.’

ಹವಾಮಾನದಕ್ಕ ಪೆಟ್ಟಿಗೆ ನೋಡಿದಳು. ಎಣಿಸಬೇಕಾಗಿಯೂ ಬರಲಿಲ್ಲ. ಬದಿಗೆ ಎರಡೆರಡು ತೂತು. ಉಳಿದ ಬಿಲ್ಲೆಗಳೆಲ್ಲ ಒತ್ತದೆ ಹಾಗೇ, ಮುಚ್ಚಿದ ಕಣ್ಣಿನ ಹಾಗೆ ಕೂತಿದ್ದವು.

ಮಾಲೀಕನೂ ಪೆಟ್ಟಿಗೆಯನ್ನೇ ನೋಡುತ್ತಿದ್ದ. ತಿರುಗಿಸಿದ, ಒಳಗೆ ಬಗ್ಗಿದ, ಮೂಸಿದ. ತೂತುಗಳೂ ಅವನ ಕಣ್ಣೆದುರೇ ಇದ್ದವು. ಆದರೆ ಎಷ್ಟಿರಬೇಕಿತ್ತು ಎನ್ನುವುದು ಗೊತ್ತಿದ್ದರೆ ತಾನೆ ಎಷ್ಟಿದೆ ಎಂದು ನೋಡುವುದು? ಅದು ಇಡೀ ಕಾರ್ಖಾನೆಯಲ್ಲಿ ಗೊತ್ತಿದ್ದವಳು ಒಬ್ಬಳೇ, ಅವಳು ಶಾಲಿನ ತುದಿ ತಿರುಚುತ್ತ ನಿಂತಿದ್ದಳು. ಸಾಕ್ಷಿ ಮೇಜಿನ ಮೇಲೆ ಬಟಾಬಯಲಾಗಿ ಬಿದ್ದಿತ್ತು, ಓದಲು ಬರುವವಳ ಬಾಯಿಗೆ ಬೀಗ.

ಬಾಗಿಲಲ್ಲಿ ವ್ಯಾನಿನವನು ನಿಂತಿದ್ದ. ಅವನನ್ನೂ ಕರೆಸಿದ್ದರು.

‘ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ಯಾ?’ ಮಾಲೀಕ ಕೇಳಿದ.

‘ರೈಲ್ವೆ ಗೇಟ್ ಹತ್ರ. ಚಹಾ ಕುಡಿಯೋಕೆ.’

‘ಎಷ್ಟೊತ್ತು?’

‘ಹತ್ತು ನಿಮಿಷ. ಅಷ್ಟೇ ಸ್ವಾಮಿ, ದಿನಾ ಅಷ್ಟೇ.’

‘ವ್ಯಾನ್ ಬಾಗಿಲು?’

‘ಮುಚ್ಚಿತ್ತು.’

‘ಮುಗೀತಲ್ಲ. ಮುಚ್ಚಿದ ವ್ಯಾನಲ್ಲಿ ಬೇಯಿಸಿದ್ದೀಯ.’

ಅವತ್ತು ಈ ಊರಿನಲ್ಲಿ ಮಂಜು ಬಿದ್ದಿತ್ತು, ಉಸಿರು ಬಿಟ್ಟರೆ ಹೊಗೆಯಾಗುತ್ತಿತ್ತು ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಒಂಬತ್ತು ದಿನದ ಹಿಂದಿನ ಹವಾಮಾನವನ್ನು ಯಾರು ತಲೆಯಲ್ಲಿಟ್ಟುಕೊಳ್ಳುತ್ತಾರೆ, ಅವಳನ್ನು ಬಿಟ್ಟರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದ್ದವಳು ಕಂಬದಂತೆ ನಿಂತಿದ್ದಳು, ಕದಿಯದವನು ಹೆಗಲು ಮುಟ್ಟಿಕೊಂಡ. ‘ಹತ್ತಲ್ಲ, ಹದಿನೈದು ನಿಮಿಷಾನೂ ಆಗಿರಬಹುದು’ ಅಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

ಮಾಲೀಕ ಅವಳ ಕಡೆ ತಿರುಗಿದ. ‘ನೀನು ದಿನಾ ನೋಡ್ತೀಯಲ್ಲ, ಇವನು ಹೇಗೆ?’

ಬಾಯಿ ತೆರೆದಳು. ಆ ಕ್ಷಣ ತೊಳೆಯುವ ಕೋಣೆಯ ಹೊಗೆ ನಿಜವಾಗಿಯೂ ಮೂಗಿಗೆ ಬಂತು, ಆಣೆ ಮಾಡಿ ಹೇಳುವಷ್ಟು. ‘ಅವನು ಅಂಥವನಲ್ಲ. ಹುಷಾರಾಗಿ ಎತ್ತಿಡ್ತಾನೆ’ ಅಂದಳು. ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಅವನ ಕಡೆಗೂ ಒಂದಿಷ್ಟು ಬೆಳಕು, ತನ್ನ ಕಡೆಗೆ ಕತ್ತಲೆ.

ಮಾಲೀಕನಿಗೆ ತಪ್ಪು ದಾರಿಯದ್ದಾದರೆ ಅನುಕೂಲ. ಕಟ್ಟಿದ್ದರಲ್ಲೇ ತಪ್ಪಾಗಿ ಜೀವ ಹೋದ ದೂರು ವರ್ಷಕ್ಕೆ ಮೂರಾದರೆ ಜೀವಂತ ಮರಿ ಕಳಿಸುವ ಅನುಮತಿಯನ್ನೇ ಅಂಚೆಯವರು ಕಿತ್ತುಕೊಳ್ಳುತ್ತಾರೆ. ಆ ವರ್ಷ ಆಗಲೇ ಒಂದಾಗಿತ್ತು, ಕಳಪೆ ರಟ್ಟಿನ ತಳ ಬಿಚ್ಚಿಕೊಂಡದ್ದಕ್ಕೆ. ಅಂಚೆ ಕಚೇರಿಗೆ ಪತ್ರ ಹೋಯಿತು. ಮೂರು ದಿನದಲ್ಲಿ ವ್ಯಾನಿನವನ ಗುತ್ತಿಗೆ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆಯನ್ನು ನಾವೆಲ್ಲ ನಗುತ್ತ ಹೇಳುತ್ತೇವೆ. ಜ್ವರ ಬಂದ ಎತ್ತು ಪಕ್ಕದಲ್ಲೇ ನಿಂತು ಬರೆಯ ವಾಸನೆ ಕುಡಿಯಬೇಕಾಗುತ್ತದೆ ಎನ್ನುವುದನ್ನು ಗಾದೆ ಮಾಡಿದವನು ಯೋಚಿಸಿರಲಿಕ್ಕಿಲ್ಲ.

ಹೊಸ ವ್ಯಾನು ಬಂತು. ಹೊಸಬ ಪೆಟ್ಟಿಗೆಗಳನ್ನು ಎರಡೆರಡಾಗಿ, ಕಂಕುಳಲ್ಲಿ ಓರೆಯಾಗಿ ಹಿಡಿದು ಒಯ್ಯುತ್ತಿದ್ದ. ಒಳಗೆ ಮರಿಗಳು ಒಂದರ ಮೇಲೊಂದು ಜಾರುವ ಸದ್ದು ಕೇಳುತ್ತಿತ್ತು. ಅವಳು ‘ನೆಟ್ಟಗೆ ಹಿಡಿಯಪ್ಪ’ ಎಂದಳು, ಎರಡು ದಿನ. ಮೂರನೆಯ ದಿನ ಸುಮ್ಮನಾದಳು. ಮೇಲಿನವರಿಗೆ ಹೇಳೋಣವೆಂದರೆ, ದೂರು ಹೇಳುವ ಬಾಯಿ ತನಗಿನ್ನೂ ಉಳಿದಿದೆಯೇ?

ಅವಳ ಕೈ ಮಾತ್ರ ತಪ್ಪುತ್ತಿರಲಿಲ್ಲ. ಈಗ ಪ್ರತಿ ಪೆಟ್ಟಿಗೆಯ ವಿಳಾಸವನ್ನೂ ಎರಡು ಸಲ ಓದಿ, ತೂತುಗಳನ್ನು ಎರಡು ಸಲ ಎಣಿಸುತ್ತಿದ್ದಳು. ಕೆಲಸ ನಿಧಾನವಾಯಿತು, ಮನೆಗೆ ಬರುವುದು ತಡವಾಯಿತು. ಊಟಕ್ಕೆ ಕೂತರೆ ಎರಡು ತುತ್ತಿಗೆ ಸಾಕೆನಿಸುತ್ತಿತ್ತು. ಸುಸ್ತು ಎನ್ನುವುದು ಕಾಲಿನಿಂದ ಬರುತ್ತದೆ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಮಾತಾಡದೆ ಇಟ್ಟುಕೊಂಡದ್ದರಿಂದಲೂ ಬರುತ್ತದೆ, ಅದು ಮಲಗಿದರೆ ಹೋಗುವುದಿಲ್ಲ ಎನ್ನುವುದು ಈಗ ತಿಳಿಯಿತು.

ಒಂದು ಭಾನುವಾರ ತಮ್ಮನ ಹೆಂಡತಿಯ ಹತ್ತಿರ ಬಾಯಿಬಿಟ್ಟಳು. ಅವಳು ಯಂತ್ರದಲ್ಲಿ ತಲೆದಿಂಬಿನ ಚೀಲ ಹೊಲಿಯುತ್ತಿದ್ದಳು. ಎಲ್ಲ ಕೇಳುವವರೆಗೂ ಹೊಲಿಗೆ ನಿಲ್ಲಿಸಲಿಲ್ಲ.

‘ಈಗ ಹೇಳಿದ್ರೆ ಏನಾಗುತ್ತೆ?’ ಎಂದಳು ದಾರ ಕಚ್ಚಿ.

‘ನನ್ನ ತೊಳೆಯೋ ಕೋಣೆಗೆ ಹಾಕ್ತಾರೆ.’

‘ಸತ್ತ ಮರಿ ಎದ್ದು ಬರುತ್ತಾ?’

‘ಇಲ್ಲ.’

‘ಮತ್ತೆ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋಬೇಡಿ ಅತ್ತಿಗೆ. ಅವನಿಗೆ ವ್ಯಾನ್ ಇದೆ, ಕೈ ಕಾಲು ಗಟ್ಟಿ ಇದೆ. ನಿಮಗೆ ಆ ಎದೆ ಬಿಟ್ರೆ ಇನ್ನೊಂದು ಎದೆ ಇದೆಯಾ?’

ಮಾತು ಪ್ರೀತಿಯದ್ದೇ. ಅದಕ್ಕೇ ಅದನ್ನು ತಳ್ಳಿಹಾಕುವುದು ಕಷ್ಟವಾಯಿತು. ಅವಳು ತಲೆಯಾಡಿಸಿ ಇಸ್ತ್ರಿಗೆ ಬಟ್ಟೆ ಮಡಚತೊಡಗಿದಳು.

ದೂರು ಬಂದು ಹದಿನೇಳನೆಯ ದಿನ ವ್ಯಾನಿನವನು ಕಾರ್ಖಾನೆಗೆ ಬಂದ. ವ್ಯಾನಿನಲ್ಲಲ್ಲ, ನಡೆದುಕೊಂಡು. ಪೆಟ್ಟಿಗೆ ಕಟ್ಟುವ ಪಟ್ಟಿಗಳು, ಹೊದಿಸುವ ಟಾರ್ಪಾಲು, ಅರ್ಧ ಮುಗಿದ ರಶೀದಿ ಪುಸ್ತಕ, ಇವನ್ನೆಲ್ಲ ಒಪ್ಪಿಸುವುದಿತ್ತು. ಗಡ್ಡ ಬೆಳೆದಿತ್ತು. ಮೇಜಿನ ಮೇಲೆ ಒಂದೊಂದಾಗಿ ಇಟ್ಟ, ಪಟ್ಟಿಗಳನ್ನು ನೀಟಾಗಿ ಸುತ್ತಿ ತಂದಿದ್ದ. ಹವಾಮಾನದಕ್ಕ ಎಣಿಸಿಕೊಂಡಳು. ಎಣಿಸಲು ಏನಾದರೂ ಇದ್ದದ್ದು ಒಳ್ಳೆಯದಾಯಿತು.

‘ನಿನಗೊಂದು ಮಾತು ಹೇಳಿ ಹೋಗೋಣ ಅಂತ’ ಎಂದ. ‘ಇಡೀ ಕಾರ್ಖಾನೆಯಲ್ಲಿ ನನ್ನ ಪರ ಮಾತಾಡಿದವಳು ನೀನೊಬ್ಬಳೇ. ಅಂಥವನಲ್ಲ ಅಂದೆಯಲ್ಲ. ಅದನ್ನ ಮರೆಯಲ್ಲ.’

ಅವಳು ಪಟ್ಟಿಗಳನ್ನು ಮತ್ತೊಮ್ಮೆ ಮೊದಲಿಂದ ಎಣಿಸಿದಳು.

‘ಆದ್ರೆ ನೀನು ಹೇಳಿದ್ದು ಸುಳ್ಳಕ್ಕ. ನಾನು ಅಂಥವನೇ. ಹತ್ತು ನಿಮಿಷ ಚಹಾ ಬಿಟ್ಟಿದ್ರೆ ನನಗೇನೂ ಆಗ್ತಿರಲಿಲ್ಲ. ನಾನೂರು ಜೀವ. ಆ ಹೆಂಗಸಿನ ಕಾಗದ ಅವತ್ತು ಓದಿದ್ರಲ್ಲ, ಮರಳು ಹಾಕಿ ಕಾದಿದ್ವಿ ಅಂತ. ಕಿವೀಲೇ ಇದೆ. ಈಗ ಚಹಾ ಮುಂದೆ ಇಟ್ರೆ ಗಂಟಲಲ್ಲಿ ಇಳಿಯಲ್ಲ. ಹೆಂಡ್ತಿ ನಗ್ತಾಳೆ, ಕೋಳಿಮರಿಗೆ ಸೂತಕ ಮಾಡ್ತಿದ್ದೀಯಾ ಅಂತ.’ ನಗಲು ನೋಡಿದ, ಬರಲಿಲ್ಲ. ‘ವ್ಯಾನ್ ಮಾರ್ತಿದ್ದೀನಿ. ಜೀವ ಇರೋದನ್ನ ಸಾಗಿಸೋ ಯೋಗ್ಯತೆ ನನಗಿಲ್ಲ.’

ಗುತ್ತಿಗೆ ಹೋದದ್ದು ಅವಳಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಅವನ ಕೆಲಸವನ್ನಷ್ಟೇ ಕಳೆದೆ ಎಂದುಕೊಂಡಿದ್ದಳು. ಅವನು ಅವಳ ತಪ್ಪನ್ನು ಮನೆಗೆ ಹೊತ್ತೊಯ್ದು ತನ್ನದೆಂದು ಸಾಕಿಕೊಂಡಿದ್ದ. ಅವಳು ಪಟ್ಟಿಗಳನ್ನು ಕೆಳಗಿಟ್ಟಳು.

‘ಚಹಾದಿಂದ ಅಲ್ಲ’ ಎಂದಳು.

‘ಸಮಾಧಾನ ಬೇಡ ಬಿಡು.’

‘ಸಮಾಧಾನ ಅಲ್ಲ. ಅವತ್ತು ಇಲ್ಲಿ ಮಂಜಿತ್ತು. ನೀನು ಒಂದು ಗಂಟೆ ನಿಲ್ಲಿಸಿದ್ರೂ ಏನೂ ಆಗ್ತಿರಲಿಲ್ಲ. ತೂತು ನಾನು ಕಮ್ಮಿ ಒತ್ತಿದ್ದೆ. ಮೂವತ್ತಾರು ಬೇಕಿತ್ತು. ಎಂಟು ಒತ್ತಿದೆ. ನಾಲ್ಕಕ್ಕೂ.’

ಅವನು ಅರ್ಥವಾಗದವನಂತೆ ಅವಳ ಬಾಯನ್ನೇ ನೋಡಿದ. ಆಮೇಲೆ ಖಾಲಿ ಪೆಟ್ಟಿಗೆಗಳ ಅಟ್ಟಿಯ ಮೇಲೆ ಕೂತ. ಅದು ಅವನ ಭಾರಕ್ಕೆ ಕುಸಿಯುತ್ತಿದ್ದರೂ ಎದ್ದೇಳಲಿಲ್ಲ.

‘ಹಾಗಾದ್ರೆ ನನ್ನ ಕೈಯಿಂದ ಅಲ್ಲ.’

‘ಅಲ್ಲ.’

‘ಒಂದೂ ಅಲ್ಲ?’

‘ಒಂದೂ ಅಲ್ಲ.’

ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಅದಾದ ಮೇಲೆಯೇ ಇನ್ನೊಂದು ಹೊಳೆದದ್ದು. ಮುಖ ನಿಧಾನವಾಗಿ ಬದಲಾಯಿತು.

‘ಯಾವತ್ತು ಗೊತ್ತಾಯ್ತು ನಿನಗೆ?’

‘ಅವತ್ತೇ. ಪೆಟ್ಟಿಗೆ ನೋಡಿದಾಗ.’

‘ನಾನು ಬಾಗಿಲಲ್ಲಿ ನಿಂತಿದ್ದಾಗ.’

‘ಹೌದು.’

‘ಹದಿನೇಳು ದಿನ.’

ಅವಳು ಹೌದೆಂದು ತಲೆಯಾಡಿಸಿದಳು. ಬೈದರೆ ಬೈಸಿಕೊಳ್ಳೋಣ ಎಂದು ಕಾದಳು. ಅವನು ಎದ್ದ, ಪ್ಯಾಂಟಿನ ಹಿಂಬದಿ ಕೊಡವಿಕೊಂಡ.

‘ಇದನ್ನ ನನಗ್ಯಾಕೆ ಹೇಳ್ತೀಯ?’ ಎಂದ. ಧ್ವನಿ ಏರಲಿಲ್ಲ. ‘ನನ್ನ ಮೇಲೆ ಪತ್ರ ಬರೆದವನು ಒಳಗೆ ಕೂತಿದ್ದಾನೆ. ನನಗೆ ಹೇಳಿದ್ರೆ ನಿನಗೆ ಹಗುರ ಆಗುತ್ತೆ, ಅಷ್ಟೇ.’

ರಶೀದಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳದೆಯೇ ಹೋದ.

ಅವಳ ಮುಂದೆ ಇನ್ನೂ ಇಪ್ಪತ್ತೆರಡು ಪೆಟ್ಟಿಗೆ ಬಾಕಿಯಿತ್ತು. ಮರಿಗಳು ಕಾಯುವುದಿಲ್ಲ. ಇಪ್ಪತ್ತೆರಡನ್ನೂ ಮುಗಿಸಿದಳು, ಓದಿ, ಎಣಿಸಿ, ದಾರ ಕಟ್ಟಿ. ಕೈ ತೊಳೆದುಕೊಂಡಳು. ಹಗುರವಾಗಿದೆಯೇ ಎಂದು ನೋಡಿಕೊಂಡಳು. ಹಗುರವೇನೂ ಆಗಿರಲಿಲ್ಲ; ಅವನು ಅಷ್ಟರಮಟ್ಟಿಗೆ ಅವಳನ್ನು ತಪ್ಪು ತಿಳಿದಿದ್ದ. ಆದರೆ ಹೇಳಿದ ಮಾತು ಸರಿಯಾಗಿತ್ತು. ಮಾಲೀಕನ ಬಾಗಿಲು ತಟ್ಟಿದಳು.

ಮಾಲೀಕ ಕೆಟ್ಟವನಲ್ಲ. ಅಪ್ಪ ಕಟ್ಟಿದ್ದನ್ನು ಬೀಳಿಸಬಾರದೆಂಬ ಹೆದರಿಕೆಯಲ್ಲೇ ತಲೆ ಬೋಳಾದವನು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದ. ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟು ಮೊದಲ ಸಲ ತೂತು ಎಣಿಸಿದ.

‘ಎಂಟು’ ಎಂದ. ‘ಇದು ಇಲ್ಲೇ ಇತ್ತಲ್ಲ.’

‘ಇತ್ತು.’

‘ಈಗ ಯಾಕೆ ಹೇಳಿದೆ? ಆಗಿಹೋದದ್ದು. ಪತ್ರ ಬರೆದಾಯ್ತು. ಈಗ ತಿರುಗಿ ಬರೆದ್ರೆ ನಮ್ಮ ಮೇಲೆ ಎರಡನೇ ತಪ್ಪು ಬೀಳುತ್ತೆ.’

‘ಮೂರನೇದಲ್ಲವಲ್ಲ.’

‘ನಿನ್ನನ್ನ ಆ ಮೇಜಲ್ಲಿ ಇಟ್ಕೊಳ್ಳೋಕಾಗಲ್ಲ, ಗೊತ್ತಾ? ಕಾಗದದಲ್ಲಿ ಒಪ್ಕೊಂಡ ಮೇಲೆ ಅಂಚೆಯವರು ಕೇಳ್ತಾರೆ, ಆ ಕೆಲಸದವಳನ್ನ ಏನು ಮಾಡಿದ್ರಿ ಅಂತ.’

‘ಗೊತ್ತು.’

‘ತೊಳೆಯೋ ಕೋಣೆ ಬಿಟ್ರೆ ಬೇರೆ ಜಾಗ ಇಲ್ಲ.’

‘ಗೊತ್ತು.’

ಅವನು ಕುರ್ಚಿಗೆ ಒರಗಿದ. ‘ಸುಮ್ನೆ ಹೋಗಿ ಕೆಲಸ ಮಾಡು. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ.’

ಬಾಗಿಲು ತೆರೆದೇ ಇತ್ತು. ಹೊರಗೆ ಅವಳ ಮೇಜು, ಮೇಜಿನ ಮೇಲಿನ ಬಿಸಿ ದೀಪ, ಇಪ್ಪತ್ತಮೂರು ವರ್ಷ ಕೂತ ಕುರ್ಚಿ. ಆ ಒಂದು ಗಳಿಗೆ ಅವಳಿಗೆ ಹೋಗಿಬಿಡೋಣ ಎನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಲು ಒಂದು ಹೆಜ್ಜೆ ಹಿಂದಕ್ಕೂ ಹೋಯಿತು.

‘ಯಾವ ಊರಿಗೆ ಎಷ್ಟು ತೂತು ಅಂತ ಇಲ್ಲಿ ನನ್ನೊಬ್ಬಳಿಗೇ ಗೊತ್ತು’ ಎಂದಳು. ‘ನೀವು ವ್ಯಾನಿನವನ ಮೇಲಿನ ತಪ್ಪು ತೆಗೆದು, ಅದು ನಮ್ಮದು ಅಂತ ಪತ್ರ ಬರೀರಿ. ಆ ಬಯಲೂರಿನ ಹೆಂಗಸಿಗೂ ಒಂದು ಬರೀರಿ. ಆಮೇಲೆ ನನಗೆ ಗೊತ್ತಿರೋದನ್ನೆಲ್ಲ ನಾನು ಬರೆದು ಕೊಡ್ತೀನಿ. ಯಾರು ಬೇಕಾದ್ರೂ ನೋಡ್ಕೊಂಡು ಒತ್ತಬಹುದು.’

‘ಬರೀದಿದ್ರೆ?’

‘ನಾಳೆಯಿಂದ ಬರಲ್ಲ.’

‘ಬೆದರಿಸ್ತಿದ್ದೀಯಾ?’

‘ಇಲ್ಲಪ್ಪ’ ಎಂದಳು. ‘ಸುಸ್ತಾಗಿದೆ ನನಗೆ.’

ಅವಳ ದನಿಯಲ್ಲಿ ಏನಿತ್ತೋ, ಮಾಲೀಕ ಕಾಗದ ಎಳೆದುಕೊಂಡ. ಎರಡೂ ಪತ್ರ ಬರೆದ. ಅವಳು ನಿಂತೇ ಓದಿದಳು. ವ್ಯಾನಿನವನದ್ದರಲ್ಲಿ ‘ತಪ್ಪಾಗಿರಬಹುದು’ ಎಂದಿದ್ದುದನ್ನು ‘ತಪ್ಪಾಗಿದೆ’ ಎಂದು ಮಾಡಿಸಿದಳು. ಲಕೋಟೆ ಅಂಟಿಸಿ, ಕೆಳಗಿಳಿದು ಹೋಗಿ, ರಸ್ತೆ ದಾಟಿ, ಅಂಚೆ ಡಬ್ಬಿಗೆ ತಾನೇ ಹಾಕಿ ಬಂದಳು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲಬೇಕಾಯಿತು.

ಮಾಲೀಕ ಅವಳಿಗೊಂದು ಹೊಸ ನೋಟ್‌ಬುಕ್ ತೆಗೆದಿಟ್ಟಿದ್ದ. ದಪ್ಪದ್ದು, ಇನ್ನೂರು ಪುಟದ್ದು. ಅವಳಿಗೂ ಅಷ್ಟು ಬೇಕಾಗುತ್ತದೆ ಎನ್ನಿಸಿತ್ತು. ಎದುರಿನ ಬೆಂಚಿನ ಮೇಲೆ ಕೂತು, ಬಾಗಿದ ಹೆಬ್ಬೆರಳಿನಿಂದ ಪೆನ್ನನ್ನು ಹೇಗೋ ಹಿಡಿದು ಶುರುಮಾಡಿದಳು. ಬೆಟ್ಟದೂರುಗಳನ್ನೆಲ್ಲ ಒಟ್ಟಿಗೆ ಬರೆದರೆ ಸಾಕಾಗಿತ್ತು, ಅವಕ್ಕೆ ಒಂದೇ ಲೆಕ್ಕ. ಬಯಲೂರುಗಳಿಗೆ ತಿಂಗಳಿನಂತೆ ಮೂರು ಸಾಲು. ಕರಾವಳಿಗೆ ಗಾಳಿಯಿದ್ದರೆ, ಇಲ್ಲದಿದ್ದರೆ. ಜಂಕ್ಷನ್ನಿನಲ್ಲಿ ಒಂದು ರಾತ್ರಿ ಕಳೆಯುವ ಪೆಟ್ಟಿಗೆಗೆ ಎರಡು ಕಮ್ಮಿ. ರೇಡಿಯೋದಲ್ಲಿ ಹೀಗಂದರೆ ಇಷ್ಟು, ಹಾಗಂದರೆ ಅಷ್ಟು. ಕೊನೆಗೊಂದು ಸಾಲು: ನಮ್ಮ ಕೋಣೆಯ ಚಳಿಯನ್ನು ನಂಬಬಾರದು.

ಪೆನ್ನು ಹಿಡಿದು ಕಾದಳು. ಏನೋ ಬಿಟ್ಟಿರಬೇಕು. ಇಪ್ಪತ್ತಮೂರು ವರ್ಷ, ದಿನಾ ಬೆಳಿಗ್ಗೆ ಐದೂವರೆ, ಅರವತ್ತೆರಡು ಊರು. ಒಂದೊಂದೇ ಊರನ್ನು ಮನಸ್ಸಿನಲ್ಲಿ ಕರೆದು ನೋಡಿದಳು. ಎಲ್ಲವೂ ಆಗಲೇ ಹಾಳೆಯ ಮೇಲಿದ್ದವು.

ಮಾಲೀಕ ತೆಗೆದುಕೊಂಡು ಓದಿದ. ಒಂದೂವರೆ ಪುಟ. ಹಾಳೆ ತಿರುವಿ ಹಿಂದೆ ನೋಡಿದ, ಮುಂದಿನ ಪುಟ ನೋಡಿದ.

‘ಇಷ್ಟೇನಾ?’ ಎಂದ.

ಅವನು ಹಂಗಿಸಿ ಕೇಳಿದ್ದಲ್ಲ. ನಿಜವಾಗಿಯೂ ಇನ್ನೂ ಇದೆಯೆಂದೇ ತಿಳಿದು ಕೇಳಿದ.

‘ಇಷ್ಟೇ’ ಎಂದು ಅವಳು ಪೆನ್ನಿಗೆ ಮುಚ್ಚಳ ಹಾಕಿ ಕೊಟ್ಟಳು.